ಬಿಲ್ಲೆ ಹಾಕಿ ಕೊಟ್ಟವರು

ಸಂತಾಪ ಸಭೆಯಲ್ಲಿ ಮಾತಾಡಿದ ಐದು ಮಂದಿಯಲ್ಲಿ ನಾಲ್ವರು ಅವರನ್ನು ಕರುಣಾಮಯಿ ಎಂದರು. ಎರಡನೇ ಸಾಲಿನಲ್ಲಿ ಕುಳಿತಿದ್ದ ನನಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಕೆಮ್ಮಿದಂತೆ ಮಾಡಿದೆ. ಅಳುತ್ತಿದ್ದೇನೆಂದುಕೊಂಡು ಪಕ್ಕದವರು ನೀರಿನ ಬಾಟಲಿ ಕೊಟ್ಟರು. ಕರುಣೆಯಂತೆ, ಕರುಣೆ! ಹದಿನಾಲ್ಕು ವರ್ಷ ಅವರ ಎದುರು ಮೇಜಿನಲ್ಲಿ ಕೂತು ಬೈಸಿಕೊಂಡವಳು ನಾನು. ಈ ಭಾಷಣ ಕೇಳಿಸಿದ್ದರೆ ಫೋಟೋದಿಂದ ಎದ್ದು ಬಂದು ಮೈಕು ಕಿತ್ತುಕೊಳ್ಳುತ್ತಿದ್ದರು.

ಅವರ ಹೆಸರು ಬರೆಯುವುದಿಲ್ಲ. ಒಮ್ಮೆ ನಮ್ಮ ಟ್ರಸ್ಟಿನ ಆಹ್ವಾನ ಪತ್ರಿಕೆಯಲ್ಲಿ ಅವರ ಹೆಸರಿನ ಮುಂದೆ 'ಸಮಾಜ ಸೇವಕಿ' ಎಂದು ಅಚ್ಚು ಹಾಕಿಸಿದ್ದಕ್ಕೆ ಒಂದು ವಾರ ನನ್ನ ಜೊತೆ ಮಾತು ಬಿಟ್ಟಿದ್ದರು. ಊರೆಲ್ಲ ಅವರನ್ನು ಸ್ಟೋರ್ ಮೇಡಂ ಎನ್ನುತ್ತಿತ್ತು. ನಾನೂ ಹಾಗೇ ಕರೆಯುತ್ತೇನೆ.

ಟ್ರಸ್ಟು ಎಂದೆನಲ್ಲ, ಅದು ಶಿವಮೊಗ್ಗದಲ್ಲಿ ಲಾರಿಗಳಿಂದ ದುಡ್ಡು ಮಾಡಿದ ಹಿರಿಯರೊಬ್ಬರು ಕಟ್ಟಿದ್ದು. ಬಡ ಮಕ್ಕಳಿಗೆ ಫೀಸು, ರೋಗಿಗಳಿಗೆ ಔಷಧಿ, ಕಾಲಿಲ್ಲದವರಿಗೆ ಗಾಲಿಕುರ್ಚಿ, ಇವು ಅದರ ಕೆಲಸ. ನಾನು ಅಲ್ಲಿಯ ಗುಮಾಸ್ತೆ. ಅರ್ಜಿ ತೆಗೆದುಕೊಳ್ಳುವವಳು, ನಡಾವಳಿ ಬರೆಯುವವಳು, ಸಮಾರಂಭಕ್ಕೆ ಹಾರ ತರಿಸುವವಳು, ಎಲ್ಲ ನಾನೇ.

ಸ್ಟೋರ್ ಮೇಡಂ ಭದ್ರಾವತಿಯವರು. ಅಲ್ಲಿಯ ಒಂದು ಕಾರ್ಖಾನೆಯಲ್ಲಿ ಸಾಮಾನು ಉಗ್ರಾಣ ನೋಡಿಕೊಳ್ಳುತ್ತಿದ್ದರು. ಐದಡಿಗೆ ಒಂದಿಂಚು ಕಮ್ಮಿ. ದಾರ ಕಟ್ಟಿದ ಕನ್ನಡಕ. ದನಿ ಮಾತ್ರ ಯಂತ್ರದ ಗದ್ದಲದಲ್ಲೂ ಕೇಳಿಸಿ ಅಭ್ಯಾಸವಾದದ್ದು, ನಮ್ಮ ಪುಟ್ಟ ಕಚೇರಿಯಲ್ಲಿ ಫೋನೆತ್ತಿದರೆ ಕೆಳಗಿನ ಅಂಗಡಿಯವರು ತಲೆಯೆತ್ತಿ ನೋಡುತ್ತಿದ್ದರು. ಮನೆಯಲ್ಲಿ ತೆಲುಗು, ಕಾರ್ಖಾನೆಯಲ್ಲಿ ತಮಿಳು, ಜಗಳಕ್ಕೆ ಕನ್ನಡ. "ಬೈಯಕ್ಕೆ ಕನ್ನಡದಷ್ಟು ಅನುಕೂಲ ಇನ್ಯಾವ್ದ್ರಲ್ಲೂ ಇಲ್ಲ ಮಾರಾಯ್ತಿ" ಎನ್ನುತ್ತಿದ್ದರು.

ಅವರನ್ನು ಟ್ರಸ್ಟಿಯಾಗಿ ಕರೆತಂದವರು ಆ ಹಿರಿಯರೇ. ಹಿಂದೆ ಒಂದು ದಿನ ಕಾರ್ಖಾನೆಯಿಂದ ಹೊರಟಿದ್ದ ಅವರ ಲಾರಿಯಲ್ಲಿ ಉಗ್ರಾಣದ ಒಂದು ಸುರುಳಿ ಹಗ್ಗ ಇತ್ತಂತೆ. ಮೇಡಂ ಲಾರಿ ನಿಲ್ಲಿಸಿದರು. ಸುದ್ದಿ ತಿಳಿದು ಹಿರಿಯರು ಶಿವಮೊಗ್ಗದಿಂದ ಕಾರಿನಲ್ಲಿ ಧಾವಿಸಿ ಬಂದರು.

"ಒಂದು ಹಗ್ಗಕ್ಕೆ ಲಾರಿ ತಡೀತೀರಾ?"

"ಲಾರಿ ನಿಮ್ದು, ಹಗ್ಗ ನಿಮ್ದಲ್ಲ. ಹಗ್ಗ ಇಳಿಸಿ, ಲಾರಿ ತಗೊಂಡು ಹೋಗಿ."

ಮೇಡಂ ನಿವೃತ್ತರಾದ ತಿಂಗಳಲ್ಲೇ ಹಿರಿಯರು ಹಣ್ಣು ಹಿಡಿದು ಅವರ ಮನೆಗೆ ಹೋದರು. "ನನ್ನ ಲಾರಿಗೆ ಅಡ್ಡ ನಿಂತವರು ನೀವೊಬ್ರೇ. ನಾನು ಹೋದ್ಮೇಲೂ ಟ್ರಸ್ಟಿಗೆ ಹಂಗೇ ಅಡ್ಡ ನಿಂತ್ಕೊಳ್ಳಿ" ಎಂದರಂತೆ. ಹೋದರು ಕೂಡ, ಒಂದೂವರೆ ವರ್ಷಕ್ಕೆ. ಮಗ ಅಧ್ಯಕ್ಷರಾದರು. ಈ ಅಧ್ಯಕ್ಷರು ಅಡಿಕೆ ಮಂಡಿಯವರು. ಕೆಟ್ಟವರಲ್ಲ, ಕೈ ಬಿಗಿಯೂ ಅಲ್ಲ. ಆದರೆ ಕೊಟ್ಟದ್ದು ನಾಲ್ಕು ಜನಕ್ಕೆ ಕಾಣಬೇಕು. ಶಾಮಿಯಾನ, ಶಾಲು, ಫೋಟೋ ಇಲ್ಲದಿದ್ದರೆ ಕೊಟ್ಟಂತೆಯೇ ಅನ್ನಿಸದು ಅವರಿಗೆ.

ಮೇಡಂಗೆ ಒಂದು ಅಭ್ಯಾಸವಿತ್ತು. ಯಾವ ವಸ್ತು ಕೈಗೆ ಬಂದರೂ ಮೊದಲು ತಲೆಕೆಳಗು ಮಾಡಿ ನೋಡುವುದು. ಹೊಲಿಗೆ ಯಂತ್ರವಿರಲಿ, ನನ್ನ ಊಟದ ಡಬ್ಬಿಯಿರಲಿ, ಬುಡ ನೋಡಬೇಕು. ಒಮ್ಮೆ ಸನ್ಮಾನದಲ್ಲಿ ಕೊಟ್ಟ ಗಂಧದ ಮರದ ಫಲಕವನ್ನು ವೇದಿಕೆಯ ಮೇಲೇ ತಿರುಗಿಸಿ, "ಗಂಧ ಅಲ್ಲ ಇದು, ಎಸೆನ್ಸ್ ಹಚ್ಚಿದಾರೆ" ಎಂದು ಮೈಕಿನಲ್ಲಿ ಹೇಳಿಬಿಟ್ಟಿದ್ದರು. ಫಲಕ ತಂದವಳು ನಾನು. ಆ ದಿನ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತ್ತು.

ಇನ್ನು ಬಿಲ್ಲೆಯ ವಿಷಯ. ಇದನ್ನು ಹೇಳದೆ ಅವರನ್ನು ಹೇಳಲು ಬರುವುದಿಲ್ಲ. ಅವರ ಕಾರ್ಖಾನೆಯಲ್ಲಿ ಪ್ರತಿ ಕೆಲಸಗಾರನಿಗೂ ನಂಬರು ಕೊರೆದ ಹಿತ್ತಾಳೆ ಬಿಲ್ಲೆಗಳನ್ನು ಕೊಟ್ಟಿರುತ್ತಿದ್ದರು. ಸ್ಪ್ಯಾನರೋ ಡ್ರಿಲ್ಲೋ ಬೇಕಾದವನು ಉಗ್ರಾಣದ ಕಿಟಕಿಗೆ ಬಂದು ಬಿಲ್ಲೆ ಕೊಡುತ್ತಾನೆ. ಸ್ಪ್ಯಾನರ್ ಇದ್ದ ಮೊಳೆಗೆ ಆ ಬಿಲ್ಲೆ ನೇತುಬೀಳುತ್ತದೆ. ಕೆಲಸ ಮುಗಿಸಿ ಸ್ಪ್ಯಾನರ್ ತಂದುಕೊಟ್ಟರೆ ಬಿಲ್ಲೆ ವಾಪಸ್. ಅದೇ ಸ್ಪ್ಯಾನರ್ ಮುಂದಿನವನ ಕೈಗೆ. ಆದರೆ ಕೈ ಒರೆಸುವ ಹತ್ತಿ, ಸೋಪು, ಕೈಗವಸು, ಇವಕ್ಕೆ ಬಿಲ್ಲೆಯಿಲ್ಲ. ಕೊಟ್ಟದ್ದು ಕೊಟ್ಟ ಹಾಗೆ.

"ಸ್ಟೋರ್ ಅಂದ್ರೆ ಇಷ್ಟೇ ಕಣೇ," ಎಂದು ನಾನು ಕೆಲಸಕ್ಕೆ ಸೇರಿದ ಮೊದಲ ವಾರವೇ ಪಾಠ ಮಾಡಿದ್ದರು. "ಯಾವ್ದಕ್ಕೆ ಬಿಲ್ಲೆ, ಯಾವ್ದಕ್ಕೆ ಬಿಲ್ಲೆ ಇಲ್ಲ, ಅದು ಗೊತ್ತಿರ್ಬೇಕು. ಸ್ಪ್ಯಾನರ್‌ನ ಹತ್ತಿ ಥರ ಹಂಚಿದ್ರೆ ಸ್ಟೋರ್ ಮುಳುಗುತ್ತೆ. ಹತ್ತೀನ ಸ್ಪ್ಯಾನರ್ ಥರ ವಾಪಸ್ ಕೇಳಿದ್ರೆ ಮನುಷ್ಯ ಮುಳುಗ್ತಾನೆ."

ನಾನು ತಲೆಯಾಡಿಸಿದೆ. ಧರ್ಮದ ಟ್ರಸ್ಟಿಗೂ ಸ್ಪ್ಯಾನರಿಗೂ ಏನು ಸಂಬಂಧ, ಈ ಹೆಂಗಸಿಗೆ ಇನ್ನೂ ಫ್ಯಾಕ್ಟರಿ ಗುಂಗು ಬಿಟ್ಟಿಲ್ಲ ಎಂದುಕೊಂಡಿದ್ದೆ.

ಸಂಬಂಧ ತಿಳಿದದ್ದು ನಸೀಮಾ ಬಂದ ದಿನ. ಅದು ನಮ್ಮ ವಾರ್ಷಿಕ ಗಾಲಿಕುರ್ಚಿ ವಿತರಣೆ. ಸಭಾಂಗಣ ತುಂಬಿತ್ತು, ಅತಿಥಿಗಳು ಬಂದಾಗಿತ್ತು. ಮೂವತ್ತರ ಆಸುಪಾಸಿನ ಒಬ್ಬ ಹೆಂಗಸು ತನ್ನದೇ ಗಾಲಿಕುರ್ಚಿ ಉರುಳಿಸಿಕೊಂಡು ಸಾಲಿನಲ್ಲಿ ಮುಂದೆ ಬಂದಳು. ಚಿಕ್ಕಂದಿನ ಪೋಲಿಯೋದಿಂದ ಎರಡೂ ಕಾಲು ಹೋದವಳು, ಮಲವಗೊಪ್ಪದವಳು. ಕುರ್ಚಿ ನಮ್ಮದೇ, ಹಿಂದಿನ ವರ್ಷ ಕೊಟ್ಟದ್ದು. ಆದರೆ ಅದರ ಮುಂದಿನ ಚಕ್ರಗಳು ನಮ್ಮವಾಗಿರಲಿಲ್ಲ. ದಪ್ಪ ರಬ್ಬರಿನ ಬೇರೆ ಯಾವುದೋ ಜೋಡಿ.

ಸ್ಟೋರ್ ಮೇಡಂ ವೇದಿಕೆಯಿಂದ ಇಳಿದು ಬಂದರು. ನಸೀಮಾಳನ್ನು ಮುಖ್ಯ ಅತಿಥಿಯ ಕುರ್ಚಿಯಲ್ಲಿ ಕೂರಿಸಲು ಹೇಳಿದರು. ಆ ಬಡಪಾಯಿ ಅತಿಥಿ ಎದ್ದು ನಿಂತರು. ಮೇಡಂ ಗಾಲಿಕುರ್ಚಿಯನ್ನು ತಲೆಕೆಳಗು ಮಾಡಿ, ಕನ್ನಡಕ ಏರಿಸಿ, ಬೆಸುಗೆಯ ಮೇಲೆ ಬೆರಳಾಡಿಸಿದರು.

"ಯಾರು ಮಾಡಿದ್ದು ಇದನ್ನ?"

"ನಾನೇ ಮೇಡಂ. ನಮ್ಮ ಮಾಮು ಗ್ಯಾರೇಜಲ್ಲಿ. ನೀವು ಕೊಟ್ಟ ಗಾಡಿ ಮೂರು ತಿಂಗ್ಳಿಗೇ ಮುಂದಿನ ಚಕ್ರ ಮುರ್ಕೊಂಡು ಕೂತ್ಬಿಡ್ತು. ನಮ್ಮ ರೋಡಿಗೆ ಅದು ಆಗಲ್ಲ."

"ಮತ್ತೆ ಇವತ್ತು ಯಾಕೆ ಬಂದೆ?"

"ಇನ್ನೊಂದು ಕೊಡ್ತಾರೆ ಅಂದ್ರು. ಪಾರ್ಟ್ಸಿಗೆ ಆಗುತ್ತೆ ಅಂತ ಬಂದೆ."

ಅಧ್ಯಕ್ಷರ ಮುಖ ನೋಡಬೇಕಿತ್ತು! ಮೇಡಂ ಮಾತ್ರ ಅಷ್ಟು ಖುಷಿಯಾದದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಸಮಾರಂಭ ಮುಗಿಯುವ ತನಕ ಅವಳ ಪಕ್ಕದಲ್ಲೇ ಕೂತು ಪೈಪು, ಬೇರಿಂಗು, ಬೋಲ್ಟು ಎಂದು ಮಾತಾಡಿದರು. ವಂದನಾರ್ಪಣೆಯ ಹೊತ್ತಿಗೆ ವಿಷಯ ಹೊರಬಿತ್ತು. ಮಲವಗೊಪ್ಪದಿಂದ ಭದ್ರಾವತಿಯವರೆಗೆ ಮುರಿದ ಕುರ್ಚಿಯವರೆಲ್ಲ ನಸೀಮಾಳ ಹತ್ತಿರ ಬರುತ್ತಿದ್ದರು. ಭದ್ರಾವತಿಯಲ್ಲಿ ಕೆಲಸ ಕಳೆದುಕೊಂಡು ಕೂತಿದ್ದ ಸೆಲ್ವರಾಜ್ ಎಂಬ ಬೆಸುಗೆಗಾರನ ಜೊತೆ ಸೇರಿ, ನಮ್ಮ ರಸ್ತೆಗೆ ತಡೆಯುವಂಥ ಕುರ್ಚಿಯನ್ನು ಆಯಾ ಮನುಷ್ಯನ ಅಳತೆಗೆ ಮಾಡಿಕೊಡುವ ಒಂದು ಶೆಡ್ಡು ಹಾಕಬೇಕೆಂದು ಅವಳ ಆಸೆ. ಬೇಕಾದದ್ದು ಪೈಪು ಬಗ್ಗಿಸುವ ಯಂತ್ರ, ಬೆಸುಗೆ ಸೆಟ್ಟು, ಒಂದಿಷ್ಟು ಕಚ್ಚಾ ಸಾಮಾನು. ಬ್ಯಾಂಕಿನವರು ಜಾಮೀನು ಕೇಳುತ್ತಾರೆ, ಬಡ್ಡಿ ಸಾಲ ಅವಳಿಗೇ ಬೇಡ.

ಮುಂದಿನ ಸಭೆಯಲ್ಲಿ ಮೇಡಂ ಇದನ್ನು ಎತ್ತಿದರು. ಅಧ್ಯಕ್ಷರು ಉದಾರವಾಗಿ, "ಪಾಪ, ಯಂತ್ರ ಕೊಡಿಸೋಣ ಬಿಡಿ. ಮುಂದಿನ ಫಂಕ್ಷನ್‌ನಲ್ಲೇ ಕೊಡೋಣ" ಎಂದರು.

"ದಾನ ಬೇಡ," ಎಂದರು ಮೇಡಂ. "ಬಿಲ್ಲೆ ಹಾಕಿ ಕೊಡೋಣ."

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಗಲಾಟೆ ಎದ್ದಿತು. ಧರ್ಮದ ದುಡ್ಡು ವಾಪಸ್ ಕೇಳುವುದೇ? ಅಪ್ಪನ ಹೆಸರಿಗೆ ಕಳಂಕ! ನಾವೇನು ಲೇವಾದೇವಿಯವರೇ? ಅಧ್ಯಕ್ಷರು ಕೆಂಪಾದರು. "ವಾಪಸ್ ಕೇಳೋದಾದ್ರೆ ಬಡ್ಡಿನಾದ್ರೂ ಕೇಳಿ, ಅದಕ್ಕಾದ್ರೂ ಒಂದು ಅರ್ಥ ಇದೆ" ಎಂದು ವ್ಯಂಗ್ಯವಾಡಿದರು.

"ಸ್ಪ್ಯಾನರ್ ಕೊಟ್ಟು ಒಂದೂವರೆ ಸ್ಪ್ಯಾನರ್ ವಾಪಸ್ ಕೇಳ್ತಾರಾ ಯಾರಾದ್ರೂ?" ಎಂದರು ಮೇಡಂ. "ಆ ಹುಡುಗಿ ದುಡೀತಾಳೆ ಸಾರ್. ದುಡಿಯೋಳಿಗೆ ದಾನ ಕೊಟ್ರೆ ಅವಳು ಫೋಟೋದಲ್ಲಿ ಕೈಮುಗಿದುಕೊಂಡು ನಿಂತ್ಬಿಡ್ತಾಳೆ. ಬಿಲ್ಲೆ ಹಾಕಿ ಕೊಟ್ರೆ ಕೆಲಸಗಾರ್ತಿ ಆಗ್ತಾಳೆ. ಮೇಲೆ ಅದೇ ದುಡ್ಡು ನಾಳೆ ಇನ್ನೊಬ್ಬನ ಕೈಗೆ ಹೋಗುತ್ತೆ."

ನಮ್ಮ ಆಡಿಟರು ಶಾಂತ ಮನುಷ್ಯ. ಅವರು ಮಧ್ಯೆ ಬಂದು ದಾರಿ ತೋರಿಸಿದರು. ಟ್ರಸ್ಟಿನ ಮೂಲಧನವನ್ನು ಎಲ್ಲಿಡಬೇಕೆಂದು ಕಾನೂನಿದೆ, ಅದನ್ನು ಮುಟ್ಟಬೇಡಿ. ಆದರೆ ವರ್ಷದ ಆದಾಯದಲ್ಲಿ ದಾನ ಕೊಡುತ್ತೀರಲ್ಲ, ಅದರಲ್ಲೇ ಒಂದು ಪಾಲನ್ನು ಬಡ್ಡಿಯಿಲ್ಲದೆ, ವಾಪಸ್ ಬರುವ ಕರಾರಿನ ಮೇಲೆ ಕೊಡಿ. ಬಂದದ್ದನ್ನು ಮತ್ತೆ ಧರ್ಮಕ್ಕೇ ಹಾಕಿ. ಹೀಗೆ ಯಂತ್ರಕ್ಕೆ ವಾಪಸ್ ಬರುವ ಹಣ, ಶೆಡ್ಡಿನಲ್ಲಿ ಕೆಲಸ ಕಲಿಯುವ ಇಬ್ಬರಿಗೆ ಆರು ತಿಂಗಳ ಊಟದ ಖರ್ಚು ಪೂರ್ತಿ ದಾನ ಎಂದು ತೀರ್ಮಾನವಾಯಿತು. ಅಧ್ಯಕ್ಷರು ಒಪ್ಪಿದ್ದು ಒಂದು ಷರತ್ತಿನ ಮೇಲೆ. ಮೂರು ವರ್ಷದಲ್ಲಿ ಪೂರ್ತಿ ವಾಪಸ್ ಬರಬೇಕು, ಎರಡು ಕಂತು ತಪ್ಪಿದರೆ ಯಂತ್ರ ಎತ್ತಿಕೊಂಡು ಬರಬೇಕು, ಆಮೇಲೆ ಈ ಬಿಲ್ಲೆ ಮಾತನ್ನು ಯಾರೂ ಎತ್ತಬಾರದು.

"ಆಯ್ತು," ಎಂದರು ಮೇಡಂ. "ಯಂತ್ರದ ಜೊತೆ ನಾನೂ ಹೋಗ್ತೀನಿ. ರಾಜೀನಾಮೆ ಈಗ್ಲೇ ಬರ್ದಿಡ್ಲಾ?"

ನಿಜಕ್ಕೂ ಬರೆದರು. ತಾರೀಖು ಹಾಕದೆ ನನ್ನ ಡ್ರಾಯರಿನಲ್ಲಿ ಇಟ್ಟರು. ನನಗೆ ಸಿಟ್ಟು ಬಂತು. ಇವರು ಹೋದರೆ ಈ ಕಚೇರಿಯಲ್ಲಿ ಹಾರ ತರಿಸುವ ಕೆಲಸ ಬಿಟ್ಟು ಇನ್ನೇನು ಉಳಿಯುತ್ತದೆ ನನಗೆ ಎಂದು ಅವರೆದುರೇ ಅಂದೆ. "ಹಂಗಾದ್ರೆ ಕಂತು ತಪ್ಪದ ಹಾಗೆ ನೋಡ್ಕೋ" ಎಂದರು.

ಆ ನಡುವೆ ಶಿವಮೊಗ್ಗದ ಒಂದು ಹೋಟೆಲಿನಲ್ಲಿ ದತ್ತಿ ಸಂಸ್ಥೆಗಳಿಗೆ ಒಂದು ಕಾರ್ಯಾಗಾರ ನಡೆಯಿತು. ಕೋಟು ಹಾಕಿದ ತರುಣನೊಬ್ಬ ಪರದೆಯ ಮೇಲೆ ಚಿತ್ರ ತೋರಿಸುತ್ತ ಒಂದೂವರೆ ಗಂಟೆ ಮಾತಾಡಿದ. ಇಂಪ್ಯಾಕ್ಟ್ ಇನ್ವೆಸ್ಟಿಂಗ್ ಅಂತೆ. ದಾನ ಒಂದು ಕಡೆ ಇರಲಿ, ಅದರ ಪಕ್ಕದಲ್ಲೇ ಸಮಾಜಕ್ಕೆ ಒಳ್ಳೆಯದನ್ನೂ ಮಾಡಿ ದುಡ್ಡನ್ನೂ ವಾಪಸ್ ತರುವ ಕಡೆ ಹೂಡಿಕೆಯೂ ಇರಲಿ ಎಂಬ ಮಾತು. ಕೊನೆಗೆ ಪ್ರಶ್ನೆ ಇದ್ದರೆ ಕೇಳಿ ಎಂದ. ಮೇಡಂ ಕೈಯೆತ್ತಿದರು.

"ಬಿಲ್ಲೆ ಹಾಕಿ ಕೊಡೋದು ಅಂತ ತಾನೇ ನೀವು ಹೇಳ್ತಿರೋದು?"

ಹುಡುಗ ತಬ್ಬಿಬ್ಬಾದ. ಮೇಡಂ ಎದ್ದು ನಿಂತು ಉಗ್ರಾಣದ ಕಿಟಕಿ, ಮೊಳೆ, ಹತ್ತಿ ಎಲ್ಲ ವಿವರಿಸಿದರು. ಅವನು ಎಲ್ಲವನ್ನೂ ಬರೆದುಕೊಂಡ. ಊಟದ ಹೊತ್ತಿನಲ್ಲಿ ಅವರ ಪಕ್ಕ ಬಂದು ಕೂತ, ಪಾಪ. ಬಸ್ಸಿನಲ್ಲಿ ವಾಪಸು ಬರುವಾಗ ಮೇಡಂ ಅಂದದ್ದು ಇಷ್ಟೇ: "ಒಳ್ಳೇ ಹುಡುಗ. ಆದ್ರೆ ಹತ್ತಿ ವಿಷಯ ಅವನಿಗೆ ಸರಿಯಾಗಿ ಗೊತ್ತಿಲ್ಲ."

ಮೇಡಂಗೆ ಅದು ಎಷ್ಟು ಗೊತ್ತಿತ್ತು ಎನ್ನುವುದಕ್ಕೆ ಇದೊಂದು ಉದಾಹರಣೆ. ಭದ್ರಾವತಿಯಲ್ಲಿ ಶೆಡ್ಡು ಶುರುವಾಗಿ ಮೊದಲ ಕಂತುಗಳು ಸರಿಯಾಗಿ ಬಂದಾಗ ಅಧ್ಯಕ್ಷರಿಗೇ ಹುರುಪು ಹತ್ತಿತು. ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಗಾಜನೂರಿನಿಂದ ಬರುತ್ತಿದ್ದ ಒಬ್ಬ ತಾಯಿಗೆ ನಾವು ಬಸ್ಸಿನ ಖರ್ಚು ಕೊಡುತ್ತಿದ್ದೆವು. ಅಧ್ಯಕ್ಷರು, "ಅವರಿಗೂ ಹೇಳಿ, ಕೈಲಾದಾಗ ವಾಪಸ್ ಕೊಡ್ಲಿ. ಅಭ್ಯಾಸ ಆಗುತ್ತೆ" ಎಂದರು. ಮೇಡಂ ಮೇಜು ಗುದ್ದಿದ ರಭಸಕ್ಕೆ ನನ್ನ ಚಹಾ ಚೆಲ್ಲಿತು.

"ಹತ್ತಿ ವಾಪಸ್ ಕೇಳ್ತೀರಾ? ಆಯಮ್ಮ ಬದುಕಿರೋದೇ ನಮಗೆ ವಾಪಸ್ ಬಂದಿದ್ದು. ಇನ್ನೇನು ಬೇಕು ನಿಮ್ಗೆ?"

ಆ ತಾಯಿಯ ಬಸ್ಸಿನ ಖರ್ಚು ಆ ತಿಂಗಳಿಂದ ಹೆಚ್ಚಾಯಿತು. ಜೊತೆಗೆ ಬರುವವರಿಗೂ ಸೇರಿಸಿ ಕೊಡಿ ಎಂದು ಮೇಡಂ ಬರೆಸಿದರು.

ಈಗ ನಮ್ಮ ತಪ್ಪಿನ ಕಥೆ. ಶೆಡ್ಡಿನ ಎರಡನೇ ವರ್ಷ ಹಿರಿಯರ ಪುಣ್ಯತಿಥಿ ಬಂತು. ಅಧ್ಯಕ್ಷರು ಭದ್ರಾವತಿಯಲ್ಲೇ ದೊಡ್ಡ ಸಮಾರಂಭ ಇಟ್ಟರು. ದೂರದ ಊರಿನ ವ್ಯಾಪಾರಿಯೊಬ್ಬನಿಂದ ಒಂದು ಲಾರಿ ಗಾಲಿಕುರ್ಚಿ ಅಗ್ಗಕ್ಕೆ ತರಿಸಿ ಕಲ್ಯಾಣ ಮಂಟಪದಲ್ಲಿ ಉಚಿತವಾಗಿ ಹಂಚಿದರು. ನಾನು ಹಾರ ತರಿಸಿದೆ. ಮೇಡಂ ಖರೀದಿಗೆ ಸಹಿ ಹಾಕಿ, ವೇದಿಕೆಯ ಮೇಲೆ ಕೂತು, ಇಪ್ಪತ್ತು ಜನಕ್ಕೆ ತಮ್ಮ ಕೈಯಾರೆ ಕೊಟ್ಟರು. ಪ್ರತಿ ವರ್ಷ ಮಾಡುವ ಕೆಲಸ ನೋಡಿ, ಯಾರ ತಲೆಗೂ ಏನೂ ಹೊಳೆಯಲಿಲ್ಲ.

ಅದಾದ ಮೇಲೆ ಎರಡು ತಿಂಗಳು ನಸೀಮಾಳ ಕಂತು ಬರಲಿಲ್ಲ. ಮೊದಲನೆಯದಕ್ಕೆ ನಾನು ಫೋನು ಮಾಡಿದೆ, ಅವಳು ಎತ್ತಲಿಲ್ಲ. ಎರಡನೆಯದೂ ತಪ್ಪಿದಾಗ ಅಧ್ಯಕ್ಷರಿಗೆ ತಿಳಿಯಿತು. "ನಾನು ಹೇಳಿರ್ಲಿಲ್ವಾ? ಮುಂದಿನ ವಾರ ಸಭೆ ಕರೀರಿ. ಯಂತ್ರ ತರ್ಸೋಣ" ಎಂದರು.

ಮರುದಿನ ಬೆಳಿಗ್ಗೆ ಮೇಡಂ ನನ್ನನ್ನು ಭದ್ರಾವತಿಗೆ ಬರಹೇಳಿದರು. ಇಬ್ಬರೂ ಶೆಡ್ಡಿಗೆ ಹೋದೆವು. ಗೋಡೆಗೆ ಸಾಲಾಗಿ ಹನ್ನೊಂದು ಹೊಸ ಕುರ್ಚಿಗಳು ನಿಂತಿದ್ದವು. ಒಂದೊಂದಕ್ಕೂ ಹೆಸರಿನ ಚೀಟಿ ಅಂಟಿಸಿತ್ತು. ಅಳತೆ ಕೊಟ್ಟು ಆರ್ಡರ್ ಮಾಡಿದವರ ಹೆಸರುಗಳು. ಯಾರೂ ಬಂದು ಒಯ್ದಿರಲಿಲ್ಲ. ಯಂತ್ರದ ಮೇಲೆ ಗೋಣಿತಾಟು ಹೊದಿಸಿತ್ತು. ನಸೀಮಾ ನಮ್ಮನ್ನು ಕಂಡು ಮುಖ ಬೇರೆ ಕಡೆ ತಿರುಗಿಸಿದಳು.

"ಏನಾಯ್ತು?" ಎಂದರು ಮೇಡಂ.

ಉತ್ತರ ಕೊಟ್ಟವನು ಸೆಲ್ವರಾಜ್. "ಏನಾಗೋದು ಮೇಡಂ? ಮಂಟಪದಲ್ಲಿ ಫ್ರೀಯಾಗಿ ಕೊಟ್ರೆ ಇಲ್ಲಿ ಯಾರಮ್ಮಾ ಕಾಸು ಕೊಡ್ತಾರೆ? ಕೊಟ್ಟೋರು ನೀವೇ ಅಲ್ವಾ?"

ಮೇಡಂ ಅಲ್ಲೇ ಇದ್ದ ಒಂದು ಕುರ್ಚಿಯಲ್ಲಿ ಕುಸಿದು ಕೂತರು. ಹನ್ನೊಂದು ಹೊಸ ಕುರ್ಚಿ ಮುಂದಿದ್ದರೂ ಒಂದನ್ನೂ ತಲೆಕೆಳಗು ಮಾಡಿ ನೋಡಲಿಲ್ಲ. ಹೆದರಿಕೆಯಾಯಿತು ನನಗೆ. ಕೊನೆಗೆ ನಸೀಮಾಳೇ ಹತ್ತಿರ ಬಂದಳು.

"ನಿಮ್ಗೆ ಹೆಂಗೆ ಹೇಳೋದು ಅಂತ ಸುಮ್ನಿದ್ದೆ ಮೇಡಂ. ಧರ್ಮ ಮಾಡ್ಬೇಡಿ ಅಂತ ಹೇಳಕ್ಕಾಗುತ್ತಾ? ಪಾಪ ಸುತ್ಕೊಳ್ಳುತ್ತೆ ನಂಗೆ. ಯಂತ್ರ ತಗೊಂಡು ಹೋಗಿ. ನೀವು ಊಟದ ಖರ್ಚು ಕೊಟ್ರಲ್ಲ, ಆ ಇಬ್ರು ಕೆಲ್ಸ ಕಲಿತಿದ್ದಾರೆ, ಅವರಿಗೆ ಬೇರೆ ಎಲ್ಲಾದ್ರೂ ಕೆಲ್ಸ ಕೊಡ್ಸಿ. ಅಷ್ಟು ಮಾಡಿ ಸಾಕು."

"ಯಂತ್ರ ಮುಟ್ಟಿದ್ರೆ ಕೈ ಮುರೀತೀನಿ, ಯಾರೇ ಆಗ್ಲಿ," ಎಂದರು ಮೇಡಂ. ದನಿ ವಾಪಸ್ ಬಂದಿತ್ತು. ನನಗೆ ಉಸಿರೂ ವಾಪಸ್ ಬಂತು.

ಸಭೆಯಲ್ಲಿ ಅವರು ಜಗಳಾಡುತ್ತಾರೆಂದು ಎಲ್ಲರೂ ತಯಾರಾಗಿ ಬಂದಿದ್ದರು. ಮೇಡಂ ಎದ್ದು ನಿಂತು, "ತಪ್ಪು ನಂದು" ಎಂದರು.

"ಸ್ಟೋರಿಗೆ ಒಂದೇ ಕಿಟಕಿ ಇರ್ಬೇಕು. ಒಂದು ಕಿಟಕೀಲಿ ಬಿಲ್ಲೆ ಹಾಕಿ ಸ್ಪ್ಯಾನರ್ ಕೊಟ್ವಿ, ಪಕ್ಕದ ಕಿಟಕೀಲಿ ಅದೇ ಸ್ಪ್ಯಾನರ್ ಪುಕ್ಕಟೆ ಹಂಚಿದ್ವಿ. ಅವಳ ಅಂಗಡಿ ಮುಚ್ಚಿಸಿದ್ದು ಅವಳಲ್ಲ, ನಾವು. ಇವರೆಲ್ಲ ವ್ಯಾಪಾರಸ್ಥರು, ಧರ್ಮ ಮಾಡೋವಾಗ ಇವರಿಗೆ ಹೊಳೀದೇ ಇರಬಹುದು. ನಂಗೆ ಹೊಳೀಬೇಕಿತ್ತು. ಮೂವತ್ತೊಂದು ವರ್ಷ ಅದೇ ಕೆಲ್ಸ ಮಾಡಿದೋಳು ನಾನು. ಸಹಿ ಹಾಕಿದೀನಿ, ಹಾರ ಹಾಕಿಸ್ಕೊಂಡಿದೀನಿ. ನನ್ನ ರಾಜೀನಾಮೆ ಡ್ರಾಯರಲ್ಲಿದೆ, ತಗೊಳ್ಳಿ. ಆದ್ರೆ ಯಂತ್ರ ಅಲ್ಲೇ ಇರ್ಲಿ."

ಒಂದು ವಾಷರ್ ಕಳೆದರೂ ಕ್ಷಮಿಸದ ಹೆಂಗಸು ತನ್ನನ್ನೂ ಬಿಡಲಿಲ್ಲ. ನನಗೆ ಅಳು ಬಂತು, ಮುಚ್ಚಿಡಲೂ ಇಲ್ಲ. ಡ್ರಾಯರು ತೆಗೆಯಿರಿ ಎಂದು ಅಧ್ಯಕ್ಷರು ಹೇಳಿದರೆ ಬೀಗದ ಕೈ ಸಿಗುತ್ತಿಲ್ಲ ಎಂದು ಸುಳ್ಳು ಹೇಳುವುದೆಂದು ನಿಶ್ಚಯಿಸಿಕೊಂಡಿದ್ದೆ.

ಅಧ್ಯಕ್ಷರು ಪೆನ್ನು ತಿರುಗಿಸುತ್ತ ಕೂತರು. ಮಂಡಿಯ ಮನುಷ್ಯ ಅವರು, ಮಾರುಕಟ್ಟೆ ಎಂದರೆ ಏನೆಂದು ಗೊತ್ತು. "ನನ್ನ ಮಂಡಿ ಮುಂದೆ ಯಾರಾದ್ರೂ ಅಡಿಕೆ ಪುಕ್ಕಟೆ ಹಂಚಿದ್ರೆ ನಾನೂ ಬಾಗ್ಲು ಹಾಕ್ಬೇಕಾಗುತ್ತೆ," ಎಂದು ನಿಧಾನವಾಗಿ ಅಂದರು. "ಇದನ್ನ ನಾನು ಯೋಚ್ನೆ ಮಾಡಿರ್ಲಿಲ್ಲ. ಸರಿ, ಈಗೇನು ಮಾಡೋಣ ಹೇಳಿ."

ಅಲ್ಲಿಂದ ನಮ್ಮ ದಾನದ ರೀತಿಯೇ ಬದಲಾಯಿತು. ಕುರ್ಚಿ ಕೊಂಡು ಹಂಚುವುದು ನಿಂತಿತು. ಕೊಳ್ಳಲಾಗದವರಿಗೆ ಟ್ರಸ್ಟು ಒಂದು ಚೀಟಿ ಕೊಡತೊಡಗಿತು. ಅದನ್ನು ಹಿಡಿದು ಅವರು ಯಾವ ಅಂಗಡಿಗೆ ಬೇಕಾದರೂ ಹೋಗಿ ತಮ್ಮ ಅಳತೆಯ ಕುರ್ಚಿ ಆರಿಸಿಕೊಳ್ಳಬಹುದು, ಬಿಲ್ಲು ನಮಗೆ ಬರುತ್ತದೆ. ನಸೀಮಾಳ ಹತ್ತಿರವೇ ಹೋಗಿ ಎಂದು ನಾವು ಯಾರಿಗೂ ಹೇಳಲಿಲ್ಲ. ಹೇಳಬಾರದೆಂದು ಮೇಡಂ ಕಟ್ಟಪ್ಪಣೆ ಮಾಡಿದ್ದರು. ಕಂತಿಗೆ ಎಂಟು ತಿಂಗಳು ಬಿಡುವು ಕೊಟ್ಟರು.

ಅಷ್ಟರಲ್ಲಿ ಮಳೆಗಾಲ ಬಂತು. ಮಂಟಪದಲ್ಲಿ ಹಂಚಿದ ಕುರ್ಚಿಗಳು ಒಂದೊಂದಾಗಿ ಮುಂದಿನ ಚಕ್ರ ಕಳಚಿಕೊಂಡು ಶೆಡ್ಡಿನ ಮುಂದೆ ಬಂದು ನಿಂತವು. ನಸೀಮಾ ಎಲ್ಲವನ್ನೂ ರಿಪೇರಿ ಮಾಡಿದಳು, ರೇಟು ತೆಗೆದುಕೊಂಡೇ ಮಾಡಿದಳು. ಬಂದವರಲ್ಲಿ ಹಿಂದೆ ಅಳತೆ ಕೊಟ್ಟಿದ್ದವರು ಗೋಡೆಗೆ ನಿಂತ ತಮ್ಮ ಕುರ್ಚಿಗಳಲ್ಲಿ ಕೂತು ನೋಡಿದರು. ಹನ್ನೊಂದೂ ಹೋದವು. ಆಮೇಲೆ ಚೀಟಿಯವರು ಬಂದರು, ಆಮೇಲೆ ಚೀಟಿಯಿಲ್ಲದೆ ದುಡ್ಡು ಕೊಡುವವರು ಬಂದರು. ಅಕ್ಕಪಕ್ಕದ ಜಿಲ್ಲೆಗಳ ಎರಡು ಆಸ್ಪತ್ರೆಗಳು ಕೇಳಿಕೊಂಡು ಬಂದವು. ಸೆಲ್ವರಾಜ್ ಫೋನು ಮಾಡಿ, "ಮೇಡಂಗೆ ಹೇಳಿ, ಗೋಣಿತಾಟು ಎಲ್ಲಿ ಹೋಯ್ತು ಅಂತ್ಲೇ ಗೊತ್ತಿಲ್ಲ" ಎಂದ. ಈ ಸುದ್ದಿ ಹೇಳಿದಾಗ ಮೇಡಂ ಊಟ ಮಾಡುತ್ತಿದ್ದರು. ನನ್ನ ಡಬ್ಬಿಯಿಂದ ಕೇಳದೆಯೇ ಒಂದು ರೊಟ್ಟಿ ತೆಗೆದುಕೊಂಡು ತಿಂದರು.

ಕೊನೆಯ ಕಂತಿನ ದಿನವನ್ನು ಬರೆಯುವುದಕ್ಕಾಗಿಯೇ ನಾನು ಇಷ್ಟೆಲ್ಲ ಬರೆದದ್ದು. ಟ್ರಸ್ಟಿನ ಪೂರ್ಣ ಸಭೆ. ಏಳೂ ಜನ ಟ್ರಸ್ಟಿಗಳು ಬಂದಿದ್ದರು. ನಸೀಮಾಳಿಗೆ ಹನ್ನೊಂದು ಗಂಟೆಗೆ ಬರಹೇಳಿತ್ತು. ಅಧ್ಯಕ್ಷರು ಫೋಟೋದವನನ್ನು ಕರೆಸಿದ್ದರು, ಅದೊಂದು ಚಾಳಿ ಬಿಡಲಿಲ್ಲ ನೋಡಿ. ಹನ್ನೊಂದಕ್ಕೆ ಸರಿಯಾಗಿ ನನ್ನ ಫೋನು ಬಡಿಯಿತು.

"ಅಕ್ಕಾ, ಕೆಳಗಿದೀನಿ. ಚೆಕ್ ತಂದಿದೀನಿ."

"ಇರು, ಎತ್ಕೊಂಡು ಬರಕ್ಕೆ ಇಬ್ರನ್ನ ಕಳಿಸ್ತೀನಿ."

"ಬೇಡ ಅಕ್ಕಾ. ಇಷ್ಟು ದಿನ ಕೇಳಕ್ಕೆ ಬರ್ತಿದ್ದೆ, ಎತ್ತಿಸ್ಕೊಂಡು ಬಂದೆ. ಇವತ್ತು ಕೊಡಕ್ಕೆ ಬಂದಿದೀನಿ. ಅವರೇ ಕೆಳಗೆ ಬರ್ಲಿ."

ನಮ್ಮ ಕಚೇರಿಗೆ ರಸ್ತೆಯಿಂದ ಏಳು ಕಲ್ಲಿನ ಮೆಟ್ಟಿಲು. ಕಾಲಿಲ್ಲದವರಿಗೆ ಕುರ್ಚಿ ಕೊಡುವ ಟ್ರಸ್ಟಿಗೆ ಏಳು ಮೆಟ್ಟಿಲು! ಅಷ್ಟು ವರ್ಷ ಎಷ್ಟು ಜನರನ್ನು ತೋಳು ಹಿಡಿದು, ಕಂಕುಳಿಗೆ ಕೈಹಾಕಿ ಎತ್ತಿಸಿದ್ದೇನೆ ನಾನು. ಎತ್ತಿಸಿಕೊಂಡವರು ಸೆರಗು, ಬಟ್ಟೆ ಸರಿ ಮಾಡಿಕೊಳ್ಳುತ್ತ ನೆಲ ನೋಡುತ್ತಿದ್ದರು. ನನಗೆ ಒಂದು ದಿನವೂ ಏನೂ ಅನ್ನಿಸಲಿಲ್ಲ. ಫೋನು ಹಿಡಿದು ನಿಂತಿದ್ದ ನನಗೆ ಆಗ ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಇದನ್ನು ಸಭೆಗೆ ಹೇಗೆ ಹೇಳುವುದು? ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಹೇಳಿಬಿಟ್ಟೆ. ಅಧ್ಯಕ್ಷರ ಮುಖ ಒಮ್ಮೆ ಬಿಗಿಯಿತು. ಅಷ್ಟರಲ್ಲಿ ಸ್ಟೋರ್ ಮೇಡಂ ಕೈಚೀಲ ಹೆಗಲಿಗೇರಿಸಿ ನಿಂತಾಗಿತ್ತು.

"ಏಳ್ರಿ, ಏಳ್ರಿ. ಸಭೆ ಕೆಳಗೆ."

ಆ ದನಿಗೆ ಏಳದವರು ಯಾರು! ಏಳು ಜನವೂ ಇಳಿದರು. ಮೊಣಕಾಲು ನೋವಿನವರು ಗೋಡೆ ಹಿಡಿದು, ಅಧ್ಯಕ್ಷರು ಪಂಚೆ ಎತ್ತಿಕೊಂಡು, ಕೊನೆಗೆ ಮೇಡಂ ನನ್ನ ಭುಜ ಹಿಡಿದು. ಕೆಳಗೆ ಸಿಟಿ ಬಸ್ಸುಗಳು ಹಾರ್ನ್ ಹೊಡೆಯುತ್ತಿದ್ದವು. ಆಟೋದವರು ಇಣುಕಿ ನೋಡುತ್ತಿದ್ದರು. ರಸ್ತೆಯಂಚಿನಲ್ಲಿ ನಸೀಮಾ ತಾನೇ ಮಾಡಿದ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಚೆಕ್ಕು ಚಾಚಿದಳು. ಅಧ್ಯಕ್ಷರು ಸೊಂಟ ಬಗ್ಗಿಸಿ ಎರಡೂ ಕೈಯಲ್ಲಿ ತೆಗೆದುಕೊಂಡರು. ಫೋಟೋದವನು ಕ್ಯಾಮೆರಾ ಎತ್ತಲು ಮರೆತು ನೋಡುತ್ತ ನಿಂತಿದ್ದ.

"ಸಾರ್, ಈಗ ನಂದು ಬಾಕಿ ಏನೂ ಇಲ್ವಲ್ಲ?" ಎಂದಳು ನಸೀಮಾ.

"ಏನೂ ಇಲ್ಲಮ್ಮ. ಪೂರ್ತಿ ಆಯ್ತು."

"ಹಂಗಾದ್ರೆ ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಬಾಕಿ ಇದ್ದಾಗ ಹೇಳಕ್ಕೆ ಬಾಯಿ ಬರ್ಲಿಲ್ಲ. ಈ ಮೆಟ್ಲು ಪಕ್ಕ ಜಾಗ ಇದೆ ನೋಡಿ, ಅಲ್ಲಿ ಒಂದು ಇಳಿಜಾರು ಹಾಕ್ಸಿ. ಕಬ್ಬಿಣದ್ದಾದ್ರೆ ನಾನೇ ಮಾಡ್ಕೊಡ್ತೀನಿ, ಹಿಡಿಕೆ ಸಮೇತ. ಅಳತೆ ಈಗ್ತಾನೇ ತಗೊಂಡೆ. ರೇಟು ಹೇಳ್ಲಾ?"

ಹೇಳಿದಳು. ಒಬ್ಬ ಟ್ರಸ್ಟಿ ಅಭ್ಯಾಸಬಲದಿಂದ, "ಟ್ರಸ್ಟಿನ ಕೆಲ್ಸ ಅಲ್ವೇನಮ್ಮ, ಸ್ವಲ್ಪ ನೋಡಿ ಮಾಡು" ಎಂದರು.

"ಒಂದು ರೂಪಾಯಿ ಕಮ್ಮಿ ಮಾಡ್ಬೇಡ ಕಣೇ!" ಎಂದು ಸ್ಟೋರ್ ಮೇಡಂ ಕೂಗಿದ ಕೂಗಿಗೆ ಮುಂದೆ ಹೋಗುತ್ತಿದ್ದ ಬಸ್ಸಿನ ಕಂಡಕ್ಟರು ತಿರುಗಿ ನೋಡಿದ. ಮೇಡಂ ನಗುತ್ತಿದ್ದರು, ಕನ್ನಡಕ ತೆಗೆದು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದರು. ನಸೀಮಾ ನಕ್ಕಳು. ಅಧ್ಯಕ್ಷರಿಗೂ ನಗು ತಡೆಯಲಾಗಲಿಲ್ಲ.

ಅದೇ ಮೇಡಂ ಬಂದ ಕೊನೆಯ ಸಭೆ. ಆ ದಿನದ ನಡಾವಳಿಯಲ್ಲಿ ಸಭೆ ನಡೆದ ಸ್ಥಳ ಎಂಬಲ್ಲಿ ನಾನು 'ಕಚೇರಿಯ ಮುಂದಿನ ರಸ್ತೆ' ಎಂದು ಬರೆದೆ. ಏಳೂ ಜನ ಸಹಿ ಹಾಕಿದರು. ಆರ್ಡರು ನಿಂತ ನಿಲುವಿನಲ್ಲೇ ಆಯಿತು. ಅಡ್ವಾನ್ಸ್ ಬೇಕೆಂದಳು ನಸೀಮಾ. ಒಂದು ಕೈಯಲ್ಲಿ ಅವಳ ಚೆಕ್ಕು ಹಿಡಿದುಕೊಂಡೇ ಅಧ್ಯಕ್ಷರು ಇನ್ನೊಂದು ಕೈಯಿಂದ ಜೇಬು ತಡಕಾಡಿ ನೋಟು ತೆಗೆದು ಕೊಟ್ಟರು. ಅವಳು ಎಣಿಸಿ ತೆಗೆದುಕೊಂಡು, ರಸೀದಿ ಬರೆದುಕೊಟ್ಟಳು.